ಗುರುಮಲ್ಲಪ್ಪನ ನಾಡಿ ಕಂಪ್ರೆಸರ್

ಗುರುಮಲ್ಲಪ್ಪ ಫ್ರಿಜ್ಜಿನ ಬೆನ್ನಿಗೆ ಮೂರು ಗೆರೆ ವಿಭೂತಿ ಎಳೆದು, ಊದುಬತ್ತಿ ಬೆಳಗಿ, "ಸ್ವಿಚ್ ಹಾಕಿ ಅತ್ತಿಗೆ" ಅಂದ. ಚೆನ್ನಾಜಮ್ಮ ಹಾಕಿದರು. ಫ್ರಿಜ್ಜು ಗುರ್ ಎನ್ನಲಿಲ್ಲ. ಮಲಗಿದವರ ಎದೆಯ ಹಾಗೆ ಡಬ್, ಡಬ್ ಎಂದು ಬಡಿದುಕೊಳ್ಳತೊಡಗಿತು.

"ಇದು ಬರೀ ಕಂಪ್ರೆಸರ್ ಅಲ್ಲ. ವೈದ್ಯ" ಅಂದ ಮೈದುನ.

ಗುಂಡ್ಲುಪೇಟೆಯ ಆ ಬೀದಿಗೆ ಅವನ ಯಂತ್ರಗಳು ಹೊಸದಲ್ಲ. ಅವನ ರೊಟ್ಟಿ ತಟ್ಟುವ ಯಂತ್ರ ಪಕ್ಕದ ಮಾಳಿಗೆಗೆ ರೊಟ್ಟಿ ಎಸೆದದ್ದನ್ನು ಹಿಡಿದು ಜನ ಈಗಲೂ "ರೊಟ್ಟಿ ಹಾರಿದ ವರ್ಷ" ಎಂದು ಲೆಕ್ಕ ಹೇಳುತ್ತಾರೆ. ಆದರೆ ಈ ಸಲ ಚೆನ್ನಾಜಮ್ಮನಿಗೆ ಬೇರೆ ದಾರಿಯಿರಲಿಲ್ಲ. ಮಾರನೆಯ ದಿನ, ಭಾನುವಾರ, ಮಗಳು ಶೈಲಜಳ ಸೀಮಂತ. ಬೀಗಿತ್ತಿ ಮಹದೇವಮ್ಮ ಬರುವವರು. ನಾಲ್ಕು ವರ್ಷದ ಹಿಂದೆ ಮದುವೆಯ ಊಟದಲ್ಲಿ ಮೊಸರು ಹುಳಿಯಾಗಿತ್ತೆಂದು ಆಕೆ ಅಂದಿನಿಂದ ಒಂದು ನಾಮಕರಣ, ಒಂದು ತಿಥಿ ಬಿಡದೆ ಹೇಳಿಕೊಂಡು ಬಂದಿದ್ದರು. ಆ ಮನೆಯಲ್ಲಿ ಶೈಲಜ ಮೊಸರನ್ನ ಕಲಸಿದಾಗೆಲ್ಲ ಅದೇ ಮಾತು. ನಾಳೆ ಅರವತ್ತು ಎಲೆಗೆ ಸಿಹಿ ಮೊಸರು ಬಿದ್ದರೆ ಮಗಳಿಗೆ ಅದರಿಂದ ಬಿಡುಗಡೆ. ಹುಳಿ ಬಿದ್ದರೆ ಮೊಮ್ಮಗುವೂ ಕೇಳಿಕೊಂಡೇ ಬೆಳೆಯಬೇಕು.

ಫ್ರಿಜ್ಜು ಕೆಟ್ಟದ್ದು ಶುಕ್ರವಾರ. ಮೆಕ್ಯಾನಿಕ್ ನಯಾಜ್ ಬಂದು ನೋಡಿದಾಗ ಕಂಪ್ರೆಸರ್ ಬಾಣಲೆಯಂತೆ ಕಾದಿತ್ತು. ಟಿಕ್ ಎಂದು ಶುರುವಾಗಿ, ಟಿಕ್ ಎಂದು ನಿಲ್ಲುತ್ತಿತ್ತು. ಅದಕ್ಕೆ ಚಾಲನೆ ಕೊಡುವ ರಿಲೇ ಬದಲಿಸಿದ, ಅದೇ ಕತೆ. ಮೀಟರಿನ ಕಡ್ಡಿಗಳನ್ನು ಅದರ ಮೂರು ಪಿನ್ನುಗಳಿಗೆ ಎರಡೆರಡಾಗಿ ಮುಟ್ಟಿಸಿ, ಒಳಗಿನ ಕಾಯಿಲ್ ಸುಟ್ಟಿದೆ, ಇದನ್ನು ಬದಲಿಸಲೇಬೇಕು ಅಂದ. ಪೈಪು ಕತ್ತರಿಸಿ, ಹೊಸದನ್ನು ಬೆಸೆದು, ಗ್ಯಾಸ್ ತುಂಬುವುದು ಅರ್ಧ ದಿನದ ಕೆಲಸ. ಆದರೆ ಹೊಸದು ಮೈಸೂರಿನಿಂದ ಬರುವುದು ಮಂಗಳವಾರ. ಸುಟ್ಟದ್ದನ್ನು ಬಿಚ್ಚಿಟ್ಟು ಹೋದ.

ಆ ಖಾಲಿ ಜಾಗದಲ್ಲಿ ಗುರುಮಲ್ಲಪ್ಪ ತನ್ನದನ್ನು ಕೂರಿಸಿದ್ದ. ಅವನ ತಾತ ನಾಡಿ ಹಿಡಿದು ಔಷಧಿ ಕೊಡುತ್ತಿದ್ದವರು. ಎಲ್ಲರಿಗೂ ಒಂದೇ ಕಷಾಯ ಕೊಡುವವನು ವೈದ್ಯನಲ್ಲ ಎನ್ನುತ್ತಿದ್ದರಂತೆ. ಹಾಗೆಯೇ ಎಲ್ಲ ಪದಾರ್ಥಕ್ಕೂ ಒಂದೇ ತಂಪು ಕೊಡುವುದು ದಡ್ಡತನ, ತನ್ನ ಕಂಪ್ರೆಸರ್ ನಾಡಿ ನೋಡಿ ಬೇಕಾದದ್ದನ್ನು ಬೇಕಾದಷ್ಟೇ ಕೊಡುತ್ತದೆ ಎಂದು ಅವನ ವಾದ.

ಚೆನ್ನಾಜಮ್ಮ ಹನ್ನೆರಡು ಲೀಟರ್ ಮೊಸರು ಒಳಗಿಟ್ಟರು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದರೆ ಎಮ್ಮೆಯ ಉಸಿರಿನಂಥ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಮೊಸರನ್ನು ಬೆರಳಲ್ಲಿ ತೆಗೆದು ನೆಕ್ಕಿದರು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಮೊಸರಿಗೆ ನಾಡಿ ಎಲ್ಲಿರುತ್ತೆ ಅತ್ತಿಗೆ?" ಅಂದ ಗುರುಮಲ್ಲಪ್ಪ. "ರೋಗಿ ಹೋಗ್ಬಿಡ್ತಾನೆ ಅಂತ ತಿಳ್ಕೊಂಡು ಮೈಗೆ ಕಾವು ಕೊಡ್ತಾ ಇದೆ."

"ನಿಮ್ಮ ತಾತ ಹಿಂಗೆ ಎಷ್ಟು ಜನಕ್ಕೆ ಕಾವು ಕೊಟ್ರಪ್ಪ?" ಎಂದು ಚೆನ್ನಾಜಮ್ಮ ಕೇಳಿದರು.

ಆ ಮೊಸರೆಲ್ಲ ಹಸುವಿನ ಕಲಗಚ್ಚಿಗೆ ಹೋಯಿತು. ಆದರೆ ಕೆಟ್ಟದ್ದೂ ಯಾವುದಕ್ಕಾದರೂ ಆದೀತು ಎಂದು ನೋಡುವುದು ಚೆನ್ನಾಜಮ್ಮನ ಗುಣ. ಭಾನುವಾರ ನಸುಕಿನಲ್ಲೇ ಹೊಸ ಹಾಲಿಗೆ ಹೆಪ್ಪು ಹಾಕಿ ಅದೇ ಕಾವಿನಲ್ಲಿ ಇಟ್ಟರು. ಹತ್ತು ಗಂಟೆಗೆ ಚಾಕುವಿನಿಂದ ಕೊಯ್ಯುವಂಥ ಸಿಹಿ ಮೊಸರು ಸಿದ್ಧವಾಯಿತು. ಊಟ ಮಾತ್ರ ಒಂದು ಗಂಟೆಗೆ. ಆ ಬಿಸಿಲಿನಲ್ಲಿ ಅದು ಹೊರಗಿದ್ದರೂ ಹುಳಿ, ಒಳಗಿದ್ದರೂ ಹುಳಿ. ಬೀದಿಯಲ್ಲಿದ್ದ ಇನ್ನೊಂದೇ ಫ್ರಿಜ್ಜಿನ ತುಂಬ ಸೀಮಂತದ ಹೂವು.

ಗುರುಮಲ್ಲಪ್ಪ ಫ್ರಿಜ್ಜಿನ ಹಿಡಿಕೆಗೆ ತಾಮ್ರದ ತಂತಿ ಸುತ್ತಿದ. ಬದುಕಿರುವವರು ಹಿಡಿದರೆ ಯಂತ್ರಕ್ಕೆ ನಾಡಿ ಸಿಗುತ್ತದೆ. ಮೈ ತಣ್ಣಗಿದ್ದವರಿಗೆ ಕಾವು, ಮೈ ಕಾದವರಿಗೆ ತಂಪು. ಚೆನ್ನಾಜಮ್ಮ ಹಿಡಿದರು. ಅವರದು ತಣ್ಣನೆಯ ಮೈ. ಫ್ರಿಜ್ಜು ಇನ್ನಷ್ಟು ಕಾಯಿತು. ತಡೆದಷ್ಟು ಹೊತ್ತು ತಡೆಯಲಿ ಎಂದು ಮೊಸರನ್ನು ಹೊರಗೆ ತೆಗೆದು ನೀರಿನ ಬಾನಿಯಲ್ಲಿಟ್ಟರು. ಜ್ವರದವರು ಬೇಕೆಂದು ಗುರುಮಲ್ಲಪ್ಪ ಮನೆಮನೆಗೆ ಹೋಗಿ ವಿಚಾರಿಸಿದ. ಬೀದಿಗೆ ಬೀದಿಯೇ ಆರೋಗ್ಯವಾಗಿತ್ತು. ಹೋದ ತಿಂಗಳು ಟೈಫಾಯಿಡ್ ಆಗಿದ್ದ ಪೋಸ್ಟ್‌ಮ್ಯಾನ್ ನಾಗೇಂದ್ರಯ್ಯ ದಾಕ್ಷಿಣ್ಯಕ್ಕೆ ಬಂದು ಕಾಲು ಗಂಟೆ ಹಿಡಿದುಕೊಂಡು ನಿಂತರು. ಅವರ ಭುಜದ ನೋವು ವಾಸಿಯಾಯಿತು. ಉಪಕಾರವಾಯಿತು ಎಂದು ಹೇಳಿ ಹೊರಟುಹೋದರು.

ಹನ್ನೆರಡೂವರೆಗೆ ಮಹದೇವಮ್ಮ ಬಂದರು, ಒಬ್ಬರೇ, ನಡೆದುಕೊಂಡು. ಬಸ್ ಸ್ಟ್ಯಾಂಡಿನಿಂದ ಅವರನ್ನು ಸ್ಕೂಟರಿನಲ್ಲಿ ಕರೆತರಬೇಕಾಗಿದ್ದ ಗುರುಮಲ್ಲಪ್ಪ ಜ್ವರ ಹುಡುಕುವುದರಲ್ಲಿ ಮರೆತಿದ್ದ. ಬಳೆಯ ಬುಟ್ಟಿ ಹೊತ್ತು ಒಂದು ಮೈಲಿ ಬಿಸಿಲಿನಲ್ಲಿ ಬಂದ ಆಕೆಯ ಮುಖ ಹಣ್ಣು ಮೆಣಸಿನಕಾಯಿಯಾಗಿತ್ತು. ಕೊಟ್ಟ ನೀರು ಬೆಚ್ಚಗಿದೆ ಎಂದು ಲೋಟ ಕುಕ್ಕಿ, ನೇರ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಹಿಡಿಕೆ ಹಿಡಿದರು.

ಡಬ್ ಡಬ್ ಸದ್ದು ನಿಂತಿತು. ಯಂತ್ರ ಯೋಚಿಸುವಂತೆ ಕಂಡಿತು. ಆಮೇಲೆ ಇಡೀ ಫ್ರಿಜ್ಜು ಒಮ್ಮೆ ನಡುಗಿ, ಬಾಗಿಲ ಸಂದಿಯಿಂದ ಬಿಳಿ ಹೊಗೆ ಬಿಟ್ಟಿತು. ಮಹದೇವಮ್ಮನ ಕನ್ನಡಕ ಮಂಜಾಯಿತು. ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆ ಗಟ್ಟಿಯಾಯಿತು. ಒಗ್ಗರಣೆಯ ಸಾಸಿವೆ ಸಿಡಿಯುವುದು ಬಿಟ್ಟು ಎಣ್ಣೆಯಲ್ಲಿ ಸುಮ್ಮನೆ ಕೂತಿತು.

"ಹಾ" ಅಂದರು ಮಹದೇವಮ್ಮ. ಇನ್ನೊಂದು ಕೈಯಲ್ಲೂ ಹಿಡಿದರು. ಹಾಗೆ ಹಿಡಿದುಕೊಂಡೇ ಬಸ್ಸು, ಬಿಸಿಲು, ಮರ್ಯಾದೆ ತಿಳಿಯದ ಜನ ಎಲ್ಲವನ್ನೂ ಬೈದರು. ಬೈದಷ್ಟೂ ಫ್ರಿಜ್ಜು ತಣ್ಣಗಾಗುತ್ತಿತ್ತು. ಆಕೆ ಹಿಡಿದಿದ್ದ ಬಾಗಿಲನ್ನೇ ಚೂರು ಸರಿಸಿ ಚೆನ್ನಾಜಮ್ಮ ಮೊಸರಿನ ಪಾತ್ರೆ ಒಳಗಿಟ್ಟರು.

ಹತ್ತು ನಿಮಿಷಕ್ಕೆ ಆಕೆಯ ಮುಖ ತಿಳಿಯಾಯಿತು, ಮಾತು ಇಳಿಯಿತು. ಹೊಗೆಯೂ ಇಳಿಯಿತು. ಚೆನ್ನಾಜಮ್ಮ ಬಾಗಿಲ ಸಂದಿಯಲ್ಲಿ ಕೈಯಿಟ್ಟು ನೋಡಿದರು. ಇನ್ನೂ ಸಾಲದು.

"ಮಹದೇವಮ್ನೋರೇ, ಮದುವೆ ದಿನ ಮೊಸರು ಹುಳಿಯಾಗಿತ್ತು ಅಂತಿದ್ರಲ್ಲ" ಅಂದರು ಮೆಲ್ಲಗೆ. "ನಂಗೇನೋ ಹಂಗನ್ನಿಸ್ಲೇ ಇಲ್ಲಪ್ಪ."

ಗುರುಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಮಹದೇವಮ್ಮ ಮತ್ತೆ ಕೆಂಪಾಗಿ, ಹಿಡಿಕೆ ಬಿಡದೆ ಇನ್ನೊಂದು ಕಾಲು ಗಂಟೆ ಆ ಮೊಸರಿನ ಕತೆ ಹೇಳಿದರು. ಮುಗಿಯುವಾಗ ಮೊಸರಿನ ಪಾತ್ರೆಯ ಅಂಚಿಗೆ ಹಿಮ ಕಟ್ಟಿತ್ತು.

ಪಂಕ್ತಿಯಲ್ಲಿ ಮೊಸರು ಬಂದಾಗ ಚೆನ್ನಾಜಮ್ಮ ಕಂಬದ ಮರೆಯಲ್ಲಿ ನಿಂತರು. ಮಹದೇವಮ್ಮ ಒಂದು ತುತ್ತು ಬಾಯಿಗಿಟ್ಟರು. ಬಹಳ ಹೊತ್ತು ಹುಳಿ ಹುಡುಕಿದರು. ಕೊನೆಗೆ, ಹಲ್ಲು ಜುಮ್ಮೆನ್ನುತ್ತೆ ಎಂದು ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡರು. ಶೈಲಜ ಬಗ್ಗಿ ತನ್ನ ಎಲೆ ನೋಡುತ್ತ ನಕ್ಕಳು.

ಮಂಗಳವಾರ ನಯಾಜ್ ಹೊಸ ಕಂಪ್ರೆಸರ್ ತಂದ. ಒಳಗಿದ್ದ ಯಂತ್ರವನ್ನು ನೋಡಿ, ಇದು ತಂಪು ಮಾಡುತ್ತಿತ್ತೇ ಎಂದು ಕೇಳಿದ.

"ಚೆನ್ನಾಗೇ ಮಾಡ್ತಿತ್ತು" ಅಂದರು ಚೆನ್ನಾಜಮ್ಮ. "ಆದ್ರೆ ದಿನಾ ಬೀಗಿತ್ತೀನ ಕರ್ಸೋಕಾಗುತ್ತೇನಪ್ಪಾ?"