ಇಟಲಿ ಕಾರು ಮತ್ತು ಹುಣಸೆಹಣ್ಣು

ಮನುಷ್ಯನಿಗೆ ಒಂದು ಹೆಮ್ಮೆ ಬೇಕು; ಅದು ನಡೆದಾಡಬೇಕು ಎಂದೇನಿಲ್ಲ. ನನ್ನ ಹೆಮ್ಮೆ ಮೈಲೂರಿನ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲಿ ಬಹುಕಾಲ ನಿಂತೇ ಇತ್ತು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಇಟಲಿಯಲ್ಲಿ ಹುಟ್ಟಿ, ಹೈದರಾಬಾದಿನ ನವಾಬರೊಬ್ಬರ ಮನೆಯಲ್ಲಿ ಬೆಳೆದು, ಭಾಲ್ಕಿಯಲ್ಲಿ ವಕೀಲರಾಗಿದ್ದ ನನ್ನ ಸೋದರಮಾವನ ಕೈಸೇರಿದ ಓಟದ ಕಾರು. ಓಟ ಎಂಬುದು ಅದರ ಜಾತಿ, ಸ್ವಭಾವವಲ್ಲ. ನನಗೆ ಹೆಣ್ಣು ನೋಡಲು ಔರಾದಕ್ಕೆ ಹೊರಟಾಗ ಮಾವ, "ಹುಡುಗ ಬಸ್ಸಿನ್ಯಾಗ ಹೋಗೂದಾ? ಛೇ!" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಉಳಿದ ಹಿರಿಯರೆಲ್ಲ ಬಸ್ಸು ಹತ್ತಿದರು. ನಾವು ಊರು ಮುಟ್ಟುವಷ್ಟರಲ್ಲಿ ಅವರು ಅವಲಕ್ಕಿ ತಿಂದು, ಚಹಾ ಕುಡಿದು, ಲಗ್ನವನ್ನೂ ಗಟ್ಟಿ ಮಾಡಿ ಆಗಿತ್ತು. ಹುಡುಗಿ ಕಿಟಕಿಯಿಂದ ನನ್ನನ್ನು ಮೊದಲು ನೋಡಿದ್ದು ಕಾರು ತಳ್ಳುವ ಭಂಗಿಯಲ್ಲಿ. "ಅವತ್ತೇ ತಿಳ್ಕೋಬೇಕಾಗಿತ್ತು ನಾ" ಎಂದು ಆಕೆ ಈಗಲೂ ಅನ್ನುವುದುಂಟು.

ಊರವರ ಕಾಗದಪತ್ರ ಕಾಪಾಡಿದ ಮಾವ ಕಾರಿನ ಕಾಗದಗಳನ್ನು ಮಾತ್ರ ಗೆದ್ದಲಿಗೆ ಬಿಟ್ಟಿದ್ದರು. ಕಾರನ್ನು ನನಗೆ ಒಪ್ಪಿಸುವಾಗ ಬಾನೆಟ್ಟಿನೊಳಗಿನ ಪುಟ್ಟ ಹಿತ್ತಾಳೆ ಫಲಕ ತೋರಿಸಿ, "ಇದರ ಕುಲಗೋತ್ರ ಎಲ್ಲಾ ಇದರಾಗ ಕೆತ್ಯಾರ. ಜ್ವಾಕಿ!" ಎಂದರು. ಹಿತ್ತಾಳೆಯನ್ನು ಜೋಪಾನ ಮಾಡುವುದೆಂದರೆ ನಮ್ಮ ಮನೆತನದಲ್ಲಿ ತಿಕ್ಕುವುದು. ದೇವರ ಸಾಮಾನು ತಿಕ್ಕುವ ಹಾಗೆ, ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ.

ಹೋದ ತಿಂಗಳು ಹಳೆಯ ಕಾರು ಕೂಡಿಡುವ ಹುಚ್ಚಿನ ಸಾಹೇಬರೊಬ್ಬರು ಹೈದರಾಬಾದಿನಿಂದ ಬಂದರು. ಶೆಡ್ಡು ತೆರವಾದರೆ ಅಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂಬುದು ಹೆಂಡತಿಯ ಎಷ್ಟೋ ವರ್ಷದ ಆಸೆ. ಆಕೆ ಸಾಹೇಬರಿಗೆ ಚಹಾದ ಮೇಲೆ ಚಹಾ ಕೊಟ್ಟಳು. ನಾನು ನವಾಬರಿಂದ ಹಿಡಿದು ಇತಿಹಾಸ ಹೇಳಿದೆ.

"ಎಲ್ಲಾ ಖರೇನೇ ಇರಬೇಕ್ರಿ. ಕಂಪನಿ ಕೆತ್ತಿದ ನಂಬರ್ ತೋರಸ್ರಿ, ಇವತ್ತೇ ಒಯ್ತೇನಿ" ಎಂದರು ಸಾಹೇಬರು.

ನಾನು ಗತ್ತಿನಿಂದ ಬಾನೆಟ್ ಎತ್ತಿದೆ. ಫಲಕ ಫಳಫಳ ಹೊಳೆಯಿತು. ಸಾಹೇಬರು ಕನ್ನಡಕ ಹಾಕಿದರು, ತೆಗೆದರು, ಬೆರಳಾಡಿಸಿದರು.

"ಇದರಾಗ ನನ್ನ ಮೀಸಿ ಕಾಣ್ತದ್ರಿ. ನಂಬರ್ ಎಲ್ಲದ?"

ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ. ತಿಕ್ಕಿ ತಿಕ್ಕಿ ಇಟಲಿಯನ್ನೇ ಅಳಿಸಿಬಿಟ್ಟಿದ್ದೆ.

"ಹಿಂಗ ಯಾರ್ ತಿಕ್ಯಾರ್ರಿ ಇದನ್ನ?"

"ಇವ್ರೇ ರಿ!" ಎಂದಳು ಹೆಂಡತಿ, ಕಪ್ಪು-ಬಸಿ ಹಿಡಿದು ಬಾಗಿಲಲ್ಲೇ ನಿಂತು. "ಮನ್ಯಾಗ ಒಂದು ತಂಬಿಗಿ ತೊಳದವರಲ್ಲ!"

ಸಾಹೇಬರು ನಕ್ಕು, ಬರಿಗೈಯಲ್ಲಿ ಹೋದರು. ಗಿರಣಿಯ ಆಸೆ ಮಾತ್ರ ಅವರೊಂದಿಗೆ ಹೋಗಲಿಲ್ಲ. ಮರುದಿನವೇ ಹೆಂಡತಿ ಕಾರನ್ನು ಬೇವಿನ ಮರದಡಿಗೆ ತಳ್ಳಿಸಿದಳು. ತಳ್ಳಿದವನು ಯಾರೆಂದು ಹೇಳಬೇಕಾಗಿಲ್ಲ. ಈಗ ಅಮಾವಾಸ್ಯೆ ಬಂತೆಂದರೆ ದೀಪದ ಸಮೆ, ಊಟದ ಗಂಗಾಳ, ತಂಬಿಗೆ ಎಲ್ಲವೂ ಹುಣಸೆಹಣ್ಣಿನೊಂದಿಗೆ ನನ್ನ ಮುಂದೆ ಬರುತ್ತವೆ. "ತಿಕ್ರಿ, ನಿಮ್ಮ ಕೈ ಛಲೋ ಅದ" ಎನ್ನುತ್ತಾಳೆ. ತಂಬಿಗೆಯ ಮೇಲೆ ಔರಾದದ ಆಕೆಯ ಅಪ್ಪನ ಹೆಸರು ಕೆತ್ತಿದೆ. ಅಲ್ಲಿಗೆ ಬಂದಾಗ ನನ್ನ ಬೆರಳು ತಾನಾಗಿ ಹಗುರಾಗುತ್ತದೆ. ಅದೂ ಅಳಿಸಿಹೋದರೆ ನಾನೂ ಬೇವಿನ ಮರದಡಿಗೇ ಹೋಗಬೇಕಾದೀತು. ಪುಣ್ಯಕ್ಕೆ ಅಲ್ಲಿ ಒಂದಲ್ಲ, ಎರಡು ಸೀಟು ಖಾಲಿ ಇವೆ.