ಹೊರಡ್ತೇನೆ ಅಂತ ಹೇಳಿ ಉಳಿದದ್ದು

ನೆಂಟರ ಮನೆಯಲ್ಲಿ ನನ್ನಷ್ಟು ಕಾಲ ಉಂಡವನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ದೀಪಾವಳಿ ಕಳೆದು ಮನೆ ಬಿಟ್ಟವನು ಯುಗಾದಿ ಹೊತ್ತಿಗೆ ವಾಪಸು ಬಂದೆ. ಅಲ್ಲಿತನಕ ಸ್ವಂತ ಖರ್ಚಲ್ಲಿ ಒಂದು ವೀಳ್ಯದೆಲೆ ಮೆದ್ದವನಲ್ಲ. ಸುಳ್ಳು ಅನ್ನುವವರು ಬರಲಿ. ಬಡಿಸಿದವರು ಯಾರೂ ಈಗ ಉಳಿದಿಲ್ಲ. ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ, ಏನು ಮಾಡುವುದು.

ಎರಡನೇ ಮಹಾಯುದ್ಧದ ಕಾಲ ಅದು. ಪೆಟ್ರೋಲ್ ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಲ್ಲಿ ಓಡಿಸುತ್ತಿದ್ದರು. ಕೊಪ್ಪದಿಂದ ತೀರ್ಥಹಳ್ಳಿಗೆ ಹೋಗುವ ಅಂಥದೊಂದು ಬಸ್ಸಿಗೆ ನಾನು ಕ್ಲೀನರ್. ಒಲೆಗೆ ಗಾಳಿ ಹಾಕುವ ಚಕ್ರ ನಾನು ತಿರುಗಿಸಿದರೆ ಡ್ರೈವರ್ ಹತ್ತುವ ಮೊದಲೇ ಬಸ್ಸು ಹೊರಟುಬಿಡುತ್ತಿತ್ತು, ಅಷ್ಟು ಬಲ. ಕಡೆಗೆ ಒಲೆಯೇ ಸೀಳಿಹೋಯಿತು. ಧಣಿಗಳು ಬಸ್ಸನ್ನು ಕೊಟ್ಟಿಗೆಗೆ ತಳ್ಳಿಸಿ, ಇನ್ನು ನೀನು ಬರುವುದು ಬೇಡ ಅಂದರು.

ಕೆಲಸ ಹೋದದ್ದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ನರಸಿಂಹರಾಜಪುರದ ಸೋದರಮಾವನಿಗೆ. ಕೈಯಲ್ಲಿ ಕೆಲಸ ಇದ್ದರೆ ಮಗಳು ನಿನಗೆ, ಇಲ್ಲದಿದ್ದರೆ ಬಾಳೆಹೊನ್ನೂರಿನ ಗಂಡು ಕಾದಿದ್ದಾನೆ ಅಂತ ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಊರಲ್ಲಿ ಸುಮ್ಮನೆ ಕೂತರೆ ಸುದ್ದಿ ಅಲ್ಲಿಗೆ ಮುಟ್ಟುತ್ತದೆ. ಅದಕ್ಕೇ ಖಾಕಿ ಅಂಗಿ ಹಾಕಿಕೊಂಡು, ರಜೆ ಸಿಕ್ಕಿದೆ ಅಂತ ಹೇಳಿ ನೆಂಟರ ಮನೆಗೆ ಹೊರಟೆ.

ಹಿರೇಕೊಡಿಗೆಯ ಹುಲಿ

ಮೊದಲು ಅಕ್ಕನ ಮನೆ. ಹೊರಟ ನೆಂಟನನ್ನು ಒಂದು ಮಾತು ತಡೆಯದೆ ಕಳಿಸಿದರೆ ನಮ್ಮ ಕಡೆ ಮನೆಯವರ ಮಾನ ಹೋದ ಹಾಗೆ. ನನಗೆ ಅಷ್ಟೇ ಸಾಕಾಯಿತು. ಅಕ್ಕ ಗಂಜಿ ಬಸಿಯುವ ಹೊತ್ತು ನೋಡಿ, ಹೊರಡ್ತೇನೆ ಅನ್ನುತ್ತಿದ್ದೆ. ಉಂಡು ಹೋಗು ಅನ್ನುವಳು. ಉಂಡ ಮೇಲೆ ಹೊರಡ್ತೇನೆ ಅಂದರೆ, ಬಿಸಿಲು ಇಳಿಯಲಿ. ಬಿಸಿಲು ಇಳಿದ ಮೇಲೆ ಅಂದರೆ, ದಾರಿಯಲ್ಲಿ ಹುಲಿ ಇದೆ, ಬೆಳಗಾಗಲಿ. ದಿನಾ ಹೊರಡುತ್ತಿದ್ದೆ, ದಿನಾ ಉಳಿಯುತ್ತಿದ್ದೆ. ಆ ಹುಲಿ ನನ್ನನ್ನು ಕಾದು ಕಾದು ಬಡಕಲಾಗಿತ್ತಂತೆ.

ಭಾವ ಮಾತಿನವರಲ್ಲ. ಒಂದು ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು, ನನ್ನ ಕೊಡೆ ತಂದು ಕೈಗೆ ಕೊಟ್ಟರು.

"ಹುಲೀನ ನಿನ್ನೆ ಹೊಡೆದ್ರಂತೆ ಮಾರಾಯ. ಇನ್ನು ದಾರಿಯೆಲ್ಲ ನಿಂದೇ."

ಶೃಂಗೇರಿಯ ಗ್ರಾಮಫೋನು

ಅಲ್ಲಿಂದ ಶೃಂಗೇರಿಗೆ, ಸೋದರತ್ತೆಯ ಮನೆಗೆ. ಅತ್ತೆಗೆ ನಾನೆಂದರೆ ಪ್ರಾಣ. ಹೊರಡ್ತೇನೆ ಅನ್ನುವ ಮೊದಲೇ ತಡೆಯುವಳು. ತೊಂದರೆ ಏನೆಂದರೆ, ಬಸ್ಸು ಓಡಿಸುವ ಮಾಣಿಗೆ ಬಾರದ ರಿಪೇರಿ ಇಲ್ಲ ಅಂತ ಅವಳು ಕೇರಿಗೆಲ್ಲ ಹೇಳಿಕೊಂಡು ಬಂದಳು. ಪಕ್ಕದ ಮನೆಯ ಯಜಮಾನರು ಕೆಮ್ಮುವ ಗ್ರಾಮಫೋನು ಹೊತ್ತು ತಂದರು.

ಬಿಚ್ಚಿದೆ. ಒಳಗೆ ಉಜ್ಜಿ ಎಣ್ಣೆ ಬಿಟ್ಟೆ. ಮುಚ್ಚಿದಾಗ ಒಂದು ಮುಷ್ಟಿ ಸ್ಕ್ರೂ ಹೊರಗೇ ಉಳಿದವು. ಇವು ಎಂತಕ್ಕೆ ಅಂತ ಯಜಮಾನರು ಕೇಳಿದರು. ಕಂಪನಿಯವರು ಭಾರಕ್ಕೆ ಹಾಕಿರುತ್ತಾರೆ, ತೆಗೆದರೆ ಹಗುರ ಅಂದೆ. ಅವರು ತಲೆದೂಗಿ ಹೊತ್ತುಕೊಂಡು ಹೋದರು.

ಅವರು ಮನೆ ಮುಟ್ಟಿ ಕೀಲಿ ಕೊಡುವ ಹೊತ್ತಿಗೆ ನಾನು ತುಂಗೆ ದಾಟಿದ್ದೆ. ಅನ್ನ ಬೇಯುವ ಮುಂಚೆ ನಾನಾಗಿ ನೆಂಟರ ಮನೆ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಮಾವನ ಜೊತೆ ಬಸ್ಸು ಕಾದದ್ದು

ಉಳಿದದ್ದು ಮಾವನ ಮನೆ. ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುವವರು, ಮಾತನ್ನೂ ತೂಗಿ ನೋಡುವ ಮನುಷ್ಯ. ರಜೆ ಎಲ್ಲಿಯವರೆಗೆ ಅಂತ ಕೇಳಿದರು. ಬಾಯಿ ಸುಮ್ಮನಿರಲಿಲ್ಲ. ನಾನಿಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ ಮಾವ, ರಜೆ ಮುಗಿದ ದಿನ ಧಣಿಗಳು ನನ್ನನ್ನು ಕರೆಯಲು ಬಸ್ಸನ್ನೇ ಕಳಿಸುತ್ತಾರೆ ಅಂದೆ.

ಕೆಲವು ದಿನ ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ, ಮಾವನ ಹೆಂಡತಿ ಕಡುಬು ಇಳಿಸುವ ಹೊತ್ತು ನೋಡಿ, ಹೊರಡ್ತೇನೆ ಮಾವ, ಇವತ್ತು ಬಸ್ಸು ಬರ್ತದೆ ಅಂದೆ. ತಡೆಯುತ್ತಾರೆ ಅಂತ ಕಾದೆ. ಮಾವ ಎದ್ದು ಕೋಟು ಹಾಕಿಕೊಂಡರು.

"ಒಳ್ಳೇದಾಯ್ತು. ನಂಗೂ ಕೊಪ್ಪದಲ್ಲಿ ಕೆಲಸ ಇತ್ತು. ನಿನ್ನ ಬಸ್ಸಲ್ಲೇ ಹೋಗುವ."

ಕಡುಬೂ ಹೋಯಿತು, ಹೆಣ್ಣೂ ಹೋಯಿತು ಅಂದುಕೊಂಡು ರಸ್ತೆಗೆ ಬಂದೆ. ಮಾವ ಪಕ್ಕದಲ್ಲೇ ನಿಂತರು. ಅಷ್ಟರಲ್ಲಿ ನೋಡಿ, ಕೊಪ್ಪದ ಕಡೆಯಿಂದ ಹೊಗೆ ಕಾಣಿಸಿತು. ನಮ್ಮದೇ ಬಸ್ಸು! ಧಣಿಗಳು ಇಳಿದು ಬಂದು ನನ್ನ ಕೈ ಹಿಡಿದುಕೊಂಡು, ನೀನಿಲ್ಲದೆ ಒಲೆ ಹತ್ತುವುದಿಲ್ಲ, ಬಾ ಅಂದರು. ಮಾವ ಅಲ್ಲೇ, ನಡುರಸ್ತೆಯಲ್ಲೇ, ಮಗಳನ್ನು ಕೊಟ್ಟೆ ಅಂತ ಮಾತು ಕೊಟ್ಟರು.

ಮೊನ್ನೆ ಜಗಲಿಯಲ್ಲಿ ಕೂತವರಿಗೆ ಇಷ್ಟು ಹೇಳಿ ಮುಗಿಸಿದ್ದೆ. ಕಾಫಿ ತಂದಿದ್ದ ನನ್ನ ಹೆಂಡತಿ, ಅದೇ ಮಾವನ ಮಗಳು, ಲೋಟ ಇಟ್ಟು ಅಲ್ಲೇ ನಿಂತಳು.

"ಎಂತ ಬಸ್ಸು ಮಾರಾಯ್ರೆ? ಕೊಟ್ಟಿಗೇಲಿ ನಿಂತ ನಿಮ್ಮ ಬಸ್ಸೊಳಗೆ ಕೋಳಿ ಮೊಟ್ಟೆ ಇಟ್ಟದ್ದನ್ನ ಅಪ್ಪಯ್ಯ ಮೊದಲೇ ಕೊಪ್ಪದಲ್ಲಿ ನೋಡ್ಕಂಡು ಬಂದಿದ್ರು. ನೀವು ರಸ್ತೇಲಿ ಕಾದ ದಿನ ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದು ನಂಗೆ ಹೇಳಿದ್ದು ಇಷ್ಟೇ. ಕೂಸೇ, ಇಲ್ಲದ ಬಸ್ಸಿಗೆ ಅವನು ಇಡೀ ದಿನ ಕಾದ. ಇಷ್ಟು ತಾಳ್ಮೆ ಇದ್ದವನು ನಿನ್ನ ಬಾಯನ್ನೂ ತಾಳ್ಕಂತಾನೆ ಅಂತ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಕಾಫಿ ಎತ್ತಿಕೊಂಡೆ.

"ಬಸ್ಸು ಬರದಿದ್ರೆ ಬೇಡ ಬಿಡು. ನೀ ಬಂದೆಯಲ್ಲ."