ಅಧ್ಯಕ್ಷರ ಕುರ್ಚಿಯ ಸ್ಥಳಾಂತರ

ನಗರದ ನೀರು ಸರಬರಾಜು ಕಚೇರಿಯಲ್ಲಿ ತೀರ್ಮಾನಗಳೆಲ್ಲ ಗಂಡಸರ ಶೌಚಾಲಯದಲ್ಲೇ ಆಗುತ್ತವೆ. ಇದು ನಿಯಮವಲ್ಲ, ಪದ್ಧತಿ. ಸಭಾಂಗಣದಲ್ಲಿ ವಿಷಯ ಮಂಡನೆಯಾಗುತ್ತದೆ, ಎಲ್ಲರೂ "ನೋಡೋಣ" ಎನ್ನುತ್ತಾರೆ, ವಿರಾಮ ಘೋಷಣೆಯಾಗುತ್ತದೆ. ಸದಸ್ಯರು ಎದ್ದುಹೋಗಿ ಸಾಲಾಗಿ ನಿಂತು ಕೈ ತೊಳೆಯುತ್ತಾರೆ. ನಲ್ಲಿ ನಿಲ್ಲಿಸುವಷ್ಟರಲ್ಲಿ ಊರಿನ ನೀರು ಯಾವ ಕಡೆ ಹರಿಯಬೇಕೆಂಬುದು ಇತ್ಯರ್ಥವಾಗಿರುತ್ತದೆ.

ಹೀಗಿರುವಾಗ, ಪ್ರತಿ ಕಚೇರಿಯ ಚುಕ್ಕಾಣಿ ಮಹಿಳೆಯ ಕೈಗೆ ಬರತಕ್ಕದ್ದೆಂದು ಮೇಲಿನಿಂದ ಆದೇಶವಾಯಿತು. ಇಲ್ಲಿ ಮಹಿಳೆ ಎಂದರೆ ಇಂಜಿನಿಯರಮ್ಮ ಒಬ್ಬರೇ. ಊರಿನ ಯಾವ ವಾಲ್ವು ಎಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲವರು. ಅಧ್ಯಕ್ಷರಾದರು. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಇಂಜಿನಿಯರಮ್ಮನಿಗೆ ಇದ್ದದ್ದು ಒಂದೇ ಆಸೆ, ಕೆಳಗಿನ ಬೀದಿಗೆ ಹೊಸ ಪೈಪು. ಆ ಬೀದಿಯಲ್ಲೇ ಅವರ ಅಮ್ಮ ಇರುವುದು, ಈ ವಯಸ್ಸಿನಲ್ಲೂ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುವುದು.

ಮೊದಲ ಸಭೆಯಲ್ಲಿ ನಕ್ಷೆ ಹರಡಿ ವಿವರಿಸಿದರು. ಎಲ್ಲರೂ ತಲೆದೂಗಿದರು, "ನೋಡೋಣ" ಎಂದರು, ಎದ್ದುಹೋದರು. ಮರಳಿ ಬಂದಾಗ ಪೈಪು ಈಜುಕೊಳದ ರಸ್ತೆಗೆ ಮಂಜೂರಾಗಿತ್ತು.

"ಯಾವಾಗ ತೀರ್ಮಾನ ಆಯ್ತು?"

"ಈಗ್ಲೇ ಮೇಡಂ, ಸರ್ವಾನುಮತದಿಂದ," ಎಂದರು ಉಪಾಧ್ಯಕ್ಷರು, ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ.

"ನಾನೇ ಇರಲಿಲ್ಲವಲ್ಲ?"

ಉಪಾಧ್ಯಕ್ಷರ ಮುಖ ಪೆಚ್ಚಾಯಿತು. ಮಹಿಳೆಯರೆಂದರೆ ಅವರಿಗೆ ಅಪಾರ ಗೌರವ. ಮರುದಿನವೇ ಸುತ್ತೋಲೆ ಹೊರಟಿತು: "ಮಹಿಳಾ ನಾಯಕತ್ವಕ್ಕೆ ಚ್ಯುತಿ ಬಾರದಂತೆ, ವಿರಾಮದ ಅವಧಿಯಲ್ಲಿ ಮಾನ್ಯ ಅಧ್ಯಕ್ಷರ ಕುರ್ಚಿಯನ್ನು ಪುರುಷರ ಶೌಚಾಲಯದ ಹೊರಗೆ ಇರಿಸತಕ್ಕದ್ದು. ಬಾಗಿಲು ಮುಚ್ಚಿರತಕ್ಕದ್ದು. ಅಭಿಪ್ರಾಯವಿದ್ದಲ್ಲಿ ಅಧ್ಯಕ್ಷರು ಬಾಗಿಲು ತಟ್ಟಬಹುದು."

ಇಂಜಿನಿಯರಮ್ಮ ಹೋಗಿ ಕುಳಿತರು. ಬಾಗಿಲು ತಟ್ಟಿದರು.

"ಜನ ಇದ್ದಾರೆ!" ಎಂದು ಒಳಗಿನಿಂದ ಉತ್ತರ ಬಂತು.

ನಡಾವಳಿಯಲ್ಲಿ "ಅಧ್ಯಕ್ಷರೊಂದಿಗೆ ಸಮಾಲೋಚಿಸಲಾಯಿತು" ಎಂದು ದಾಖಲಾಯಿತು.

ಅವರಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಅಂಗಳಕ್ಕಿಳಿದು ಕಚೇರಿಯ ವಾಲ್ವನ್ನೇ ತಿರುಗಿಸಿಬಿಟ್ಟರು. ಒಳಗೆ ನಲ್ಲಿಗಳು ಕೆಮ್ಮಿ ಸುಮ್ಮನಾದವು. ಸೋಪು ಮೆತ್ತಿದ ಕೈಗಳನ್ನು ಮುಂದೆ ಚಾಚಿಕೊಂಡು ಸದಸ್ಯರು ಸಾಲಾಗಿ ಹೊರಬಂದರು.

"ಕೆಳಗಿನ ಬೀದಿಗೆ ಪೈಪು ಅಂತ ಇಲ್ಲೇ, ನನ್ನೆದುರೇ ತೀರ್ಮಾನ ಮಾಡಿ. ನೀರು ಬಿಡ್ತೀನಿ."

"ಕೈ ತೊಳೀದೆ ಹೇಗೆ ಮೇಡಂ ತೀರ್ಮಾನ ಮಾಡೋದು?" ಲೆಕ್ಕಾಧಿಕಾರಿ ನಿಜವಾಗಿಯೂ ಕಂಗಾಲಾಗಿದ್ದರು.

ಕೊನೆಗೆ ರಾಜಿಯಾಯಿತು. ಇನ್ನು ಮುಂದೆ ಎಲ್ಲರೂ ಸಭಾಂಗಣದಲ್ಲೇ, ಅಧ್ಯಕ್ಷರ ಜೊತೆಯಲ್ಲೇ ಕೈ ತೊಳೆಯುವುದು. ತಮ್ಮ ತಮ್ಮ ಬೇಸಿನ್ನಿನಲ್ಲಿ ಕೈ ಒದ್ದೆ ಮಾಡಿಕೊಂಡವರ ಮತ ಮಾತ್ರ ಎಣಿಕೆಗೆ. ಗೆದ್ದೆನೆಂದುಕೊಂಡು ಇಂಜಿನಿಯರಮ್ಮ ವಾಲ್ವು ತೆರೆದರು. ಗೋಡೆಯುದ್ದಕ್ಕೂ ಬೇಸಿನ್‌ಗಳು ಬಂದವು. ಅಧ್ಯಕ್ಷರದು ಎಲ್ಲಕ್ಕಿಂತ ದೊಡ್ಡದು, ಹೂವಿನ ಚಿತ್ತಾರದ್ದು. ಅದಕ್ಕೆ ನೀರಿನ ಪೈಪೊಂದನ್ನು ಮಾತ್ರ ಜೋಡಿಸಿರಲಿಲ್ಲ.

"ಕೊಡಿ ಸ್ಪ್ಯಾನರು, ನಾನೇ ಜೋಡಿಸ್ತೀನಿ."

"ಛೆ ಛೆ, ಅಧ್ಯಕ್ಷರು ಸ್ಪ್ಯಾನರ್ ಹಿಡಿಯೋದೇ? ನಮ್ಮ ಮರ್ಯಾದೆ ಏನಾಗ್ಬೇಕು? ಸಭೆಯಲ್ಲಿ ಮಂಜೂರಾಗ್ಲಿ ಮೇಡಂ," ಎಂದರು ಉಪಾಧ್ಯಕ್ಷರು.

ಸಭೆ ಸೇರಿತು. ಬೇಸಿನ್ನಿನ ಪೈಪು, ಕೆಳಗಿನ ಬೀದಿಯ ಪೈಪು, ಎರಡೂ ವಿಷಯ ಮಂಡನೆಯಾದವು. ಒದ್ದೆ ಕೈಯವರೆಲ್ಲ "ನೋಡೋಣ" ಎಂದರು. ಅಧ್ಯಕ್ಷರ ಕೈ ಒಣಗಿದ್ದರಿಂದ ಅವರ ಮತ ನಿಯಮದಂತೆ ಎಣಿಕೆಗೆ ಬರಲಿಲ್ಲ.

ಆ ವರ್ಷದ ಸಮಾನತೆ ಪ್ರಶಸ್ತಿ ಈ ಕಚೇರಿಗೇ ಬಂತು. ಇಂಜಿನಿಯರಮ್ಮ ಬೇಸಿನ್ನಿನ ಪಕ್ಕ ನಿಂತ ಫೋಟೊ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಳಗಿನ ಬೀದಿಯವರು, ನಮ್ಮ ಹುಡುಗಿ ಎಂದು ಹೆಮ್ಮೆಪಟ್ಟರು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದರು.

"ಎಷ್ಟು ಚೆನ್ನಾಗಿದೆಯೇ ನಿನ್ನ ಬೇಸಿನ್ನು! ನೀರು ಬರುತ್ತೇನೇ?"

ಬೀದಿಯ ತುದಿಯಲ್ಲಿ ಟ್ಯಾಂಕರ್ ಹಾರನ್ ಹೊಡೆಯಿತು. ಮಾನ್ಯ ಅಧ್ಯಕ್ಷರು ಸೆರಗು ಸಿಕ್ಕಿಸಿ ಅಮ್ಮನ ಕೈಯಿಂದ ಕೊಡ ಇಸಿದುಕೊಂಡರು.

"ನೋಡೋಣ ಅಮ್ಮ," ಎಂದು ಓಡಿದರು.